ಅಟ್ಟದ ಟ್ರಂಕಿನಲ್ಲಿರುವ ಹಳೆಯ ಕುಟುಂಬದ ಫೋಟೊಗಳನ್ನು ಡಿಜಿಟಲ್ ಮಾಡಬೇಕಾಗಿದೆ: ಯಾವುದನ್ನು ಮೊದಲು ಮಾಡಬೇಕು?

ಪ್ರಶ್ನೆ: ಮುಳುಗಡೆ ಸೀಮೆಯವರು

ಎಲ್ಲರಿಗೂ ನಮಸ್ಕಾರ. ನಮ್ಮ ಹಿರಿಯರ ಮನೆ ಹೊಸನಗರ ಸೀಮೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮನೆ, ಅಡಿಕೆ ತೋಟ, ಗದ್ದೆ ಎಲ್ಲವೂ ಮುಳುಗಡೆಯಾದ ಮೇಲೆ ಅಜ್ಜ ಸಾಗರದ ಕಡೆಗೆ ಬಂದು ನೆಲೆ ನಿಂತರು. ಈಗಿನ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕಿದ್ದು, ಅದರಲ್ಲಿ ಕಪ್ಪು ಕಾಗದದ ಹಾಳೆಗಳಿಗೆ ಮೂಲೆ ಸಿಕ್ಕಿಸಿ ಕೂರಿಸಿದ ಸಣ್ಣ ಸಣ್ಣ ಕಪ್ಪು-ಬಿಳುಪು ಚಿತ್ರಗಳ ಆಲ್ಬಮ್‌ಗಳು, 1980ರ ದಶಕದ ಮದುವೆಗಳ ಅಂಟುಹಾಳೆಯ ಬಣ್ಣದ ಆಲ್ಬಮ್‌ಗಳು ಮತ್ತು ಕಾಗದದ ಲಕೋಟೆಗಳಲ್ಲಿ ಸುರುಳಿ ಸುತ್ತಿಕೊಂಡಿರುವ ನೆಗೆಟಿವ್‌ಗಳು ಇವೆ. ಒಂದೆರಡು ಲಕೋಟೆಗಳನ್ನು ತೆರೆದರೆ ಹುಳಿ ವಾಸನೆ ಬರುತ್ತದೆ. ಇವಲ್ಲದೆ ದೇವರ ಕೋಣೆಯ ಹೊರಗೋಡೆಯಲ್ಲಿ ತೂಗುಹಾಕಿರುವ, ಕಟ್ಟು ಹಾಕಿಸಿದ ಪಟಗಳಿವೆ. ಅವುಗಳಲ್ಲಿ ಮುತ್ತಜ್ಜಿಯ ಭಾವಚಿತ್ರ ಗಾಜಿಗೆ ಅಂಟಿಕೊಂಡು ಅಂಚಿನಲ್ಲಿ ಬೂಷ್ಟು ಹಿಡಿದಿದೆ.

ಸಣ್ಣ ಚಿತ್ರಗಳಲ್ಲಿ ಒಂದೆರಡು ಆ ಮುಳುಗಿದ ಮನೆಯ ಅಂಗಳದಲ್ಲಿ ತೆಗೆದವು. ಆ ಮನೆಯ ಬೇರೆ ಯಾವ ಕುರುಹೂ ನಮ್ಮಲ್ಲಿ ಉಳಿದಿಲ್ಲ. ಚಿತ್ರಗಳಲ್ಲಿರುವವರನ್ನು ಗುರುತಿಸಬಲ್ಲವರು ಈಗ ನಮ್ಮ ಸೋದರತ್ತೆಯೊಬ್ಬರೇ, ಅವರಿಗೆ ಎಂಬತ್ತೈದು ದಾಟಿದೆ. ಅಮೆರಿಕದಲ್ಲಿರುವ ನನ್ನ ಅಣ್ಣ ಎಲ್ಲವನ್ನೂ ಒಟ್ಟಿಗೆ ಅಂಗಡಿಗೆ ಕೊಟ್ಟು ಸ್ಕ್ಯಾನ್ ಮಾಡಿಸಿಬಿಡು ಎನ್ನುತ್ತಾರೆ. ಸ್ಕ್ಯಾನ್ ಆದ ಮೇಲೆ ಮೂಲ ಚಿತ್ರಗಳನ್ನು ಇಟ್ಟುಕೊಳ್ಳುವ ಅಗತ್ಯವೇನು ಎಂದು ಕೇಳುವವರೂ ಮನೆಯಲ್ಲಿದ್ದಾರೆ. ಅಂಗಡಿಗೆ ಕೊಡುವುದೋ, ಸ್ಕ್ಯಾನರ್ ಕೊಳ್ಳುವುದೋ? ಎಷ್ಟು ರೆಸಲ್ಯೂಷನ್ ಇಡಬೇಕು? ಗಾಜಿಗೆ ಅಂಟಿದ ಪಟವನ್ನು ಏನು ಮಾಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಸ್ಟುಡಿಯೊ ವೃತ್ತಿಯವರು

ನಮ್ಮದು ಎರಡು ತಲೆಮಾರಿನ ಸ್ಟುಡಿಯೊ ಆದ್ದರಿಂದ ಸ್ಕ್ಯಾನಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಅಂಗಡಿಗೆ ಕೊಡುವುದಾದರೆ ಅಲ್ಲಿರುವುದು ಹಾಳೆಯನ್ನು ಉರುಳೆಗಳ ನಡುವೆ ಎಳೆದುಕೊಳ್ಳುವ ಯಂತ್ರವೋ, ಗಾಜಿನ ಮೇಲೆ ಮಲಗಿಸುವ ಫ್ಲಾಟ್‌ಬೆಡ್ ಸ್ಕ್ಯಾನರೋ ಎಂಬುದನ್ನು ಮೊದಲು ಕೇಳಿ. ಐವತ್ತು ಅರವತ್ತು ವರ್ಷ ಒಣಗಿ ಪೆಡಸಾದ ಚಿತ್ರವನ್ನು ಉರುಳೆಗೆ ಕೊಟ್ಟರೆ ಮೇಲ್ಪದರ ಬಿರುಕು ಬಿಡುವ ಸಂಭವವಿದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆಲ್ಬಮ್‌ನಿಂದ ಬಿಡಿಸಿ ರಾಶಿ ಹಾಕಿ ಕೊಟ್ಟ ಚಿತ್ರಗಳು ಯಾವ ಕ್ರಮದಲ್ಲಿದ್ದವು ಎಂಬುದು ಮತ್ತೆ ತಿಳಿಯುವುದಿಲ್ಲ. ನಿಮ್ಮಲ್ಲಿರುವಷ್ಟು ಚಿತ್ರಗಳಿಗೆ ಸ್ವಂತ ಫ್ಲಾಟ್‌ಬೆಡ್ ಕೊಂಡು, ಮನೆಯಲ್ಲೇ ಕುಳಿತು, ಬಿಡುವಿದ್ದಾಗ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಸ್ಕ್ಯಾನರ್‌ಗಳಲ್ಲಿ ಎರಡು ಬಗೆಗಳಿವೆ. ಕ್ಯಾನನ್ ಲೈಡ್ ಮಾದರಿಯ ತೆಳ್ಳಗಿನ, ಅಗ್ಗದ ಸ್ಕ್ಯಾನರ್‌ಗಳಲ್ಲಿರುವುದು ಸಿಐಎಸ್ ಸಂವೇದಕ. ಅದು ಗಾಜಿಗೆ ಪೂರ್ತಿ ತಾಗಿಕೊಂಡಿರುವುದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಸ್ವಲ್ಪ ಬಾಗಿದ ಚಿತ್ರವಾದರೂ ಬಾಗಿದ ಕಡೆ ಮಬ್ಬಾಗುತ್ತದೆ. ಎಪ್ಸನ್ ವಿ600ನಂತಹ ದಪ್ಪ ಸ್ಕ್ಯಾನರ್‌ಗಳಲ್ಲಿ ಸಿಸಿಡಿ ಸಂವೇದಕವಿದ್ದು, ಗಾಜಿನಿಂದ ತುಸು ಮೇಲಿರುವುದೂ ಸ್ಪಷ್ಟವಾಗಿ ಬರುತ್ತದೆ. ಅದರ ಮುಚ್ಚಳದಲ್ಲಿಯೇ ದೀಪವಿರುವುದರಿಂದ ನೆಗೆಟಿವ್‌ಗಳನ್ನೂ ಸ್ಕ್ಯಾನ್ ಮಾಡಬಹುದು. ನಿಮ್ಮ ಟ್ರಂಕಿನಲ್ಲಿ ನೆಗೆಟಿವ್‌ಗಳು ಇರುವುದರಿಂದ ಈ ಎರಡನೆಯ ಬಗೆಯದೇ ಬೇಕು, ಏಕೆಂದರೆ ನೆಗೆಟಿವ್ ಇದ್ದರೆ ಅದೇ ಮೂಲ, ಕಾಗದದ ಮೇಲಿನದು ಅದರ ಪ್ರತಿ ಮಾತ್ರ. ನಮ್ಮ ಕಡೆ ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್-3 ಕ್ಯಾಮೆರಾ 120 ಎಂಬ ಅಗಲವಾದ ಫಿಲ್ಮಿನಲ್ಲಿ ಸುಮಾರು 6 ಸೆಂಟಿಮೀಟರ್ ಚೌಕದ ನೆಗೆಟಿವ್ ಕೊಡುತ್ತಿತ್ತು. ನಿಮ್ಮ ಕಪ್ಪು ಹಾಳೆಯ ಆಲ್ಬಮ್‌ನ ಸಣ್ಣ ಚಿತ್ರಗಳು ಅಂತಹ ನೆಗೆಟಿವ್‌ನ ಅಳತೆಯಲ್ಲೇ ಮುದ್ರಿಸಿದ ಕಾಂಟ್ಯಾಕ್ಟ್ ಪ್ರಿಂಟ್‌ಗಳಾಗಿರಬಹುದು.

ರೆಸಲ್ಯೂಷನ್ ವಿಷಯಕ್ಕೆ ಬಂದರೆ, ಪೋಸ್ಟ್‌ಕಾರ್ಡ್ ಅಳತೆ ಮತ್ತು ಅದಕ್ಕಿಂತ ದೊಡ್ಡ ಪ್ರಿಂಟ್‌ಗಳಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಸಾಕು. 4×6 ಇಂಚಿನ ಚಿತ್ರಕ್ಕೆ ಅದು 2400×3600, ಅಂದರೆ 86 ಲಕ್ಷ ಪಿಕ್ಸೆಲ್‌ಗಳಾಗುತ್ತದೆ. ಕಾಂಟ್ಯಾಕ್ಟ್ ಪ್ರಿಂಟ್‌ಗಳಿಗೆ ಮಾತ್ರ 1200 ಇಡಿ, ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ವಿವರ ಅಡಗಿರುತ್ತದೆ. 35 ಮಿಲಿಮೀಟರ್ ನೆಗೆಟಿವ್‌ಗೆ 3200, 120 ಫಿಲ್ಮಿಗೆ 2400 ಇಟ್ಟರೆ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಿಕೊಳ್ಳಬಹುದು. ಪೆಟ್ಟಿಗೆಯ ಮೇಲೆ ಇನ್ನೂ ದೊಡ್ಡ ಅಂಕಿ ಬರೆದಿದೆಯೆಂದು ಅದನ್ನೇ ಇಟ್ಟರೆ ಫೈಲ್ ಉಬ್ಬುತ್ತದೆಯೇ ಹೊರತು ಚಿತ್ರದಲ್ಲಿ ಇಲ್ಲದ ವಿವರ ಬರುವುದಿಲ್ಲ.

ಕಪ್ಪು-ಬಿಳುಪು ಚಿತ್ರವನ್ನೂ ಬಣ್ಣದ ಕ್ರಮದಲ್ಲಿಯೇ ಸ್ಕ್ಯಾನ್ ಮಾಡಿ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳು, ಅಂದರೆ ಪದರಗಳು, ಇರುತ್ತವೆ. ಕಾಲದಿಂದ ಬಂದ ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಢಾಳಾಗಿ ಕಂಡು ಕೆಂಪು ಚಾನೆಲ್‌ನಲ್ಲಿ ಬಹುಮಟ್ಟಿಗೆ ಮರೆಯಾಗುವುದರಿಂದ, ಮುಂದೆ ಯಾರಾದರೂ ಕಲೆ ತೆಗೆಯುವುದಾದರೆ ಅರ್ಧ ಕೆಲಸ ಅಲ್ಲಿಯೇ ಆಗಿರುತ್ತದೆ. ಸ್ಟುಡಿಯೊದವರು ಕೈಯಿಂದ ಬಣ್ಣ ಹಚ್ಚಿದ ಸೀರೆಯಂಚು, ತುಟಿ, ಒಡವೆಗಳೂ ಹಾಗೆಯೇ ಉಳಿಯುತ್ತವೆ. ತಂತ್ರಾಂಶದಲ್ಲಿರುವ ಹರಿತಗೊಳಿಸುವ, ತಾನಾಗಿ ಬಣ್ಣ ಸರಿಪಡಿಸುವ ಆಯ್ಕೆಗಳನ್ನೆಲ್ಲ ಆರಿಸಿಡಿ. ಅತಿಗೆಂಪು ಬೆಳಕಿನಿಂದ ಧೂಳು ತೆಗೆಯುವ ಸೌಲಭ್ಯವನ್ನು ಕಪ್ಪು-ಬಿಳುಪು ನೆಗೆಟಿವ್‌ಗಳಿಗೆ ಬಳಸಲೇಬಾರದು. ಆ ಫಿಲ್ಮಿನಲ್ಲಿರುವ ಬೆಳ್ಳಿಯ ಕಣಗಳು ಆ ಬೆಳಕನ್ನೂ ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ. ಮೂಲ ಪ್ರತಿಯನ್ನು ವಿವರ ಕಳೆಯದೆ ಉಳಿಸುವ ಟಿಫ್ ಫೈಲಿನ ರೂಪದಲ್ಲಿ ಉಳಿಸಿ, ಹಂಚಲು ಬೇಕಾದಾಗ ಅದರಿಂದ ಗಾತ್ರ ಕುಗ್ಗಿಸಿದ ಜೆಪೆಗ್ ಮಾಡಿಕೊಳ್ಳಿ.

ಹಳೆಯ ಆಲ್ಬಮ್‌ಗಳಲ್ಲಿ ಕಾಣುವ, ಮುಟ್ಟಿದರೆ ಜೇನುಗೂಡಿನಂತೆ ಉಬ್ಬುತಗ್ಗಿರುವ ಕಾಗದದ ಮೇಲಿನ ಚಿತ್ರಗಳು ನಿಮ್ಮಲ್ಲಿಯೂ ಇರಬಹುದು. ಸ್ಕ್ಯಾನರ್‌ನ ದೀಪ ಒಂದೇ ಕಡೆಯಿಂದ ಬೀಳುವುದರಿಂದ ಆ ಉಬ್ಬುಗಳ ನೆರಳು ಮುಖದ ಮೇಲೆಲ್ಲ ಬಲೆಯಂತೆ ಬರುತ್ತದೆ. ಚಿತ್ರವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ತಂತ್ರಾಂಶದಲ್ಲಿ ಎರಡನ್ನೂ ಒಂದರ ಮೇಲೊಂದಿಟ್ಟು ಸರಾಸರಿ ಮಾಡಿದರೆ ನೆರಳುಗಳು ಒಂದನ್ನೊಂದು ಬಹುತೇಕ ಅಳಿಸಿಕೊಳ್ಳುತ್ತವೆ.

ಉತ್ತರ 2: ದಾಖಲೆ ಪಾಲಕಿ

ಮೇಲಿನ ಉತ್ತರದಲ್ಲಿ ಹೇಳಿದ ತಾಂತ್ರಿಕ ವಿಷಯಗಳನ್ನು ನಾನು ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ತುರ್ತಾಗಿ ಕಂಡದ್ದು ಸ್ಕ್ಯಾನರ್ ಅಲ್ಲ, ಸೋದರತ್ತೆಯವರ ವಯಸ್ಸು. ಟ್ರಂಕಿನಲ್ಲಿರುವ ಚಿತ್ರಗಳು ಇನ್ನೂ ಒಂದು ಮಳೆಗಾಲವನ್ನು ಹೇಗೋ ಕಳೆಯಬಲ್ಲವು. ಅವುಗಳಲ್ಲಿರುವವರ ಹೆಸರುಗಳು ಒಬ್ಬರ ನೆನಪಿನಲ್ಲಿ ಮಾತ್ರ ಇವೆ. ಆದ್ದರಿಂದ ಸ್ಕ್ಯಾನರ್ ಬರುವವರೆಗೆ ಕಾಯದೆ, ಈ ವಾರವೇ ಆಲ್ಬಮ್‌ಗಳ ಪ್ರತಿ ಪುಟವನ್ನೂ ಮೊಬೈಲಿನಲ್ಲಿ, ಕಿಟಕಿಯ ಬೆಳಕಿನಲ್ಲಿ, ಇದ್ದದ್ದು ಇದ್ದ ಹಾಗೆಯೇ ತೆಗೆದುಕೊಳ್ಳಿ. ಇದು ಶಾಶ್ವತ ಪ್ರತಿಯಲ್ಲ. ಸೋದರತ್ತೆಯವರ ಮುಂದಿಟ್ಟು ಕೇಳುವುದಕ್ಕೆ ಮತ್ತು ಮೂಲ ಕ್ರಮದ ದಾಖಲೆಗೆ ಇಷ್ಟು ಸಾಕು.

ಕೇಳುವಾಗ ಮೊಬೈಲಿನ ಧ್ವನಿಮುದ್ರಣವನ್ನು ಹಾಕಿಟ್ಟುಕೊಳ್ಳಿ, ಬರೆದುಕೊಳ್ಳುತ್ತಾ ಕೂತರೆ ಮಾತಿನ ಓಟ ತಪ್ಪುತ್ತದೆ. ಪ್ರತಿ ಚಿತ್ರಕ್ಕೆ ಮೊದಲು ಅದರ ಸಂಖ್ಯೆಯನ್ನು ನೀವೇ ಗಟ್ಟಿಯಾಗಿ ಹೇಳಿ. ಗುಂಪು ಚಿತ್ರವಾದರೆ ಹಿಂದಿನ ಸಾಲಿನ ಎಡದಿಂದ ಆರಂಭಿಸಿ ಒಬ್ಬೊಬ್ಬರನ್ನೇ ಕೇಳಿ. ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೆಸರು ಬದಲಿಸುವ ಪದ್ಧತಿ ಅನೇಕ ಕುಟುಂಬಗಳಲ್ಲಿ ಇದ್ದುದರಿಂದ, ಚಿತ್ರದಲ್ಲಿರುವ ಹುಡುಗಿಯ ತವರಿನ ಹೆಸರು, ನಂತರದ ಹೆಸರು, ಕೊಟ್ಟ ಊರು ಮೂರನ್ನೂ ಕೇಳದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. "ಸಣ್ಣಮ್ಮ", "ಪುಟ್ಟಕ್ಕ" ಎಂದಷ್ಟೇ ಹೇಳಿದರೆ ಯಾರಿಗೆ ಸಣ್ಣಮ್ಮ ಎಂದು ಕೇಳಿ. ಅಂಗಳದ ಚಿತ್ರಗಳಲ್ಲಿ ಜನರಿಗಿಂತ ಹಿನ್ನೆಲೆಯ ಬಗ್ಗೆ ಹೆಚ್ಚು ಕೇಳಿ: ತುಳಸಿ ಕಟ್ಟೆ ಯಾವ ದಿಕ್ಕಿಗಿತ್ತು, ಅಡಿಕೆ ಒಣಗಿಸುವ ಅಟ್ಟದ ಕೆಳಗೆ ಯಾರು ಕೂರುತ್ತಿದ್ದರು, ದಣಪೆ ದಾಟಿದರೆ ದಾರಿ ಎತ್ತ ಹೋಗುತ್ತಿತ್ತು. ನೀರಿನಡಿ ಹೋದ ಮನೆಗೆ ನಕ್ಷೆಯೆಂದು ಉಳಿಯುವುದು ಈ ಉತ್ತರಗಳೇ. ಒಂದೇ ಸಲಕ್ಕೆ ಅವರನ್ನು ದಣಿಸಬೇಡಿ, ಇಂದು ನೆನಪಾಗದ ಹೆಸರು ನಾಲ್ಕು ದಿನ ಬಿಟ್ಟು ತಾನಾಗಿ ಬರುವುದುಂಟು.

ಇನ್ನು ಮುತ್ತಜ್ಜಿಯ ಪಟ. ದಯವಿಟ್ಟು ಅದನ್ನು ಗಾಜಿನಿಂದ ಕೀಳಬೇಡಿ. ಅಂತಹ ಚಿತ್ರದ ಮೇಲ್ಪದರ ಸಾಮಾನ್ಯವಾಗಿ ಜೆಲಾಟಿನ್. ತೇವದಲ್ಲಿ ಅದು ಉಬ್ಬಿ ಗಾಜಿಗೆ ಬೆಸೆದುಕೊಂಡಿರುತ್ತದೆ ಮತ್ತು ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ನೀರು ಹಾಕಿ ಬಿಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗಿಯೇ ಹೋಗುತ್ತದೆ. ಕಟ್ಟನ್ನು ಹಿಂಬದಿಯಿಂದ ಬಿಚ್ಚಿ, ಗಾಜು ಮತ್ತು ಚಿತ್ರವನ್ನು ಒಟ್ಟಿಗೇ ಇಟ್ಟುಕೊಂಡು, ಗಾಜಿನ ಹೊರಮೈಗೆ ಹತ್ತಿದ ಕುಂಕುಮ, ಗಂಧ, ದೀಪದ ಮಸಿಯನ್ನು ಸ್ವಲ್ಪವೇ ತೇವ ಮಾಡಿದ ಬಟ್ಟೆಯಿಂದ, ಅಂಚಿಗೆ ಪಸೆ ಇಳಿಯದಂತೆ ಒರೆಸಿ. ಬಳಿಕ ಎರಡು ದೀಪಗಳನ್ನು ಎರಡು ಪಕ್ಕದಲ್ಲಿ 45 ಡಿಗ್ರಿ ಕೋನದಲ್ಲಿಟ್ಟು, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಪ್ರತಿಬಿಂಬವಿಲ್ಲದೆ ಗಾಜಿನ ಮೂಲಕವೇ ಒಳ್ಳೆಯ ಚಿತ್ರ ತೆಗೆಯಬಹುದು. ಬಿಡಿಸಲೇಬೇಕೆಂದರೆ ಸಂರಕ್ಷಣಾ ತಜ್ಞರಿಗೆ ಒಪ್ಪಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆಯ ರಕ್ಷಣೆಗಾಗಿ ಇರುವ ಇಂಟಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು.

ಹುಳಿ ವಾಸನೆ ಬರುವ ನೆಗೆಟಿವ್‌ಗಳನ್ನು ತಡಮಾಡದೆ ಉಳಿದವುಗಳಿಂದ ಬೇರ್ಪಡಿಸಿ. ಅಸಿಟೇಟ್ ಫಿಲ್ಮು ಕೊಳೆಯುವಾಗ ಬಿಡುವ ಅಸಿಟಿಕ್ ಆಮ್ಲದ ವಾಸನೆ ಅದು. ಆ ಆವಿ ಪಕ್ಕದ ಫಿಲ್ಮಿನ ಕೊಳೆಯುವಿಕೆಯನ್ನೂ ಬೇಗಗೊಳಿಸುತ್ತದೆ. ಫಿಲ್ಮು ಕುಗ್ಗಿ ಸುಕ್ಕುಗಟ್ಟಿದ ಮೇಲೆ ಸ್ಕ್ಯಾನ್ ಮಾಡುವುದು ಕಷ್ಟವಾದ್ದರಿಂದ ಸ್ಕ್ಯಾನಿಂಗ್ ಸರದಿಯಲ್ಲಿ ಅವೇ ಮೊದಲಿರಲಿ. ಅಂಟುಹಾಳೆಯ ಆಲ್ಬಮ್‌ಗಳಲ್ಲಿ ಮೊದಲು ಇಡೀ ಪುಟವನ್ನು ಸ್ಕ್ಯಾನ್ ಮಾಡಿ. ಆಮೇಲೆ ಬಿಡಿಸುವುದಾದರೆ ಔಷಧಿ ಅಂಗಡಿಯಲ್ಲಿ ಸಿಗುವ, ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನು ಚಿತ್ರದ ಅಡಿಗೆ ತೂರಿಸಿ ನಿಧಾನವಾಗಿ ಗರಗಸದಂತೆ ಆಚೀಚೆ ಆಡಿಸಿ. ಬಾರದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಮೂಲಗಳನ್ನು ಎಸೆಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿ ಇಲ್ಲ ಎಂದೇ. ಚಿತ್ರದ ಹಿಂಬದಿಯಲ್ಲಿ ಸ್ಟುಡಿಯೊ ಮುದ್ರೆ, ಯಾರೋ ಬರೆದ ಒಂದು ಸಾಲು, ಕಾಗದದ ದಪ್ಪ, ಅಂಚಿನ ಕತ್ತರಿ ಇವೆಲ್ಲ ಸಾಕ್ಷ್ಯವೇ. ಸ್ಕ್ಯಾನ್ ಎಂದರೆ ಇಂದಿನ ಯಂತ್ರ ಕಂಡಷ್ಟು ಮಾತ್ರ. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ. ನಂತರ ಚಿತ್ರಗಳನ್ನು ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಪ್ರೊಪಿಲೀನ್ ಹಾಳೆಗಳಲ್ಲಿಟ್ಟು, ಅಟ್ಟದಿಂದ ಇಳಿಸಿ, ಮನೆಯ ಒಳಕೋಣೆಯ ಕಪಾಟಿನಲ್ಲಿಡಿ. ಪಿವಿಸಿ ಹಾಳೆ ಬೇಡ, ನುಸಿಗುಳಿಗೆಯೂ ಬೇಡ. ತೇವಾಂಶ 65 ಶೇಕಡಾ ದಾಟಿದರೆ ಬೂಷ್ಟಿಗೆ ಅನುಕೂಲ, ಮಲೆನಾಡಿನ ಮಳೆಗಾಲದಲ್ಲಿ ಅದು ಇನ್ನೂ ಬಹಳ ಮೇಲಿರುತ್ತದೆ. ಆದ್ದರಿಂದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಅದು ಬಣ್ಣ ಬದಲಿಸಿದಾಗಲೆಲ್ಲ ಒಣಗಿಸಿ ಮತ್ತೆ ಇಡುತ್ತಿರಬೇಕು.

ಉತ್ತರ 3: ನ್ಯೂಜೆರ್ಸಿಯ ಕನ್ನಡಿಗ

ನಿಮ್ಮ ಅಣ್ಣನವರಂತೆ ನಾನೂ ದೂರದಲ್ಲಿರುವವನು. ಅವರ ಆತುರ ನನಗೆ ಅರ್ಥವಾಗುತ್ತದೆ, ಮತ್ತು ಅವರಿಗೆ ಕೊಡಬಹುದಾದ ಕೆಲಸವೂ ಇದೆ. ಫೈಲುಗಳ ಹೊಣೆಯನ್ನು ಅವರಿಗೆ ವಹಿಸಿ.

ಒಂದು 4×6 ಚಿತ್ರವನ್ನು 600 ಡಿಪಿಐನಲ್ಲಿ, 48 ಬಿಟ್ ಬಣ್ಣದಲ್ಲಿ (ಛಾಯೆಗಳನ್ನು ಹೆಚ್ಚು ಸೂಕ್ಷ್ಮವಾಗಿ ದಾಖಲಿಸುವ ಆಯ್ಕೆ) ಟಿಫ್ ಮಾಡಿದರೆ ಸುಮಾರು 52 ಎಂಬಿ ಆಗುತ್ತದೆ. ಐನೂರು ಚಿತ್ರಗಳಿದ್ದರೂ 26 ಜಿಬಿ, ಅಂದರೆ ಇಂದಿನ ಲೆಕ್ಕದಲ್ಲಿ ಬಹಳ ಸಣ್ಣ ಗಾತ್ರ. ಹೀಗಿರುವಾಗ ಜಾಗ ಉಳಿಸಲೆಂದು ಗುಣಮಟ್ಟ ಇಳಿಸುವುದಕ್ಕೆ ಕಾರಣವೇ ಇಲ್ಲ. ಮೂರು ಪ್ರತಿಗಳಿರಲಿ: ಒಂದು ಸಾಗರದ ಮನೆಯ ಕಂಪ್ಯೂಟರಿನಲ್ಲಿ, ಒಂದು ಬೇರೆಯಾಗಿ ತೆಗೆದಿಡುವ ಹಾರ್ಡ್ ಡಿಸ್ಕಿನಲ್ಲಿ, ಒಂದು ಅಣ್ಣನವರ ಬಳಿ ಅಥವಾ ಕ್ಲೌಡಿನಲ್ಲಿ. ಡಿವಿಡಿ, ಪೆನ್ ಡ್ರೈವ್‌ಗಳನ್ನು ದೀರ್ಘಕಾಲಕ್ಕೆ ನಂಬಬೇಡಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು, ಅಲ್ಲಿಂದ ಮುಂದೆ ಹಾಕಿದ್ದೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರುತ್ತದೆ. ಕಂಪನಿಗಳ ನಿಯಮ ಹೀಗೆ ಬದಲಾಗುತ್ತಿರುವುದರಿಂದ ಕ್ಲೌಡಿನ ಪ್ರತಿಯೊಂದೇ ಸಾಕು ಎಂದುಕೊಳ್ಳಬಾರದು.

ಫೈಲಿನ ಹೆಸರಿನಲ್ಲಿ ಇಸವಿ ಹಾಕಲು ಹೋಗಬೇಡಿ. ಹಳೆಯ ಚಿತ್ರಗಳ ಇಸವಿ ಬಹುಪಾಲು ಊಹೆಯೇ ಆಗಿದ್ದು, ಊಹೆ ಬದಲಾದಾಗಲೆಲ್ಲ ಹೆಸರೂ ಬದಲಾಗಬೇಕಾಗುತ್ತದೆ. ಚಿತ್ರ ಎಲ್ಲಿ ಸಿಕ್ಕಿತು ಎಂಬುದು ಮಾತ್ರ ಬದಲಾಗುವುದಿಲ್ಲ. ಎರಡನೆಯ ಆಲ್ಬಮ್‌ನ ಹದಿನೈದನೆಯ ಪುಟದ ಮೂರನೆಯ ಚಿತ್ರವಾದರೆ 02-15-03, ಅದರ ಹಿಂಬದಿಗೆ ಅದೇ ಸಂಖ್ಯೆಯ ಮುಂದೆ ಇನ್ನೊಂದು ಅಕ್ಷರ, ಇಷ್ಟೇ. ಜನರ ಹೆಸರು, ಊರು, ಸಂದರ್ಭವನ್ನು ಫೈಲಿನೊಳಗಿನ ವಿವರಣೆಯ ಜಾಗದಲ್ಲಿ ಕನ್ನಡದಲ್ಲಿಯೇ ತುಂಬಿ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು, ಯೂನಿಕೋಡ್ ಆದ್ದರಿಂದ ಅಕ್ಷರ ಕೆಡುವುದಿಲ್ಲ. ವಾಟ್ಸ್ಆಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗುವುದಲ್ಲದೆ ಒಳಗಿನ ಈ ವಿವರಗಳೂ ಅಳಿದುಹೋಗುತ್ತವೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಎರಡೂ ಉಳಿಯುತ್ತವೆ. ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಟ್ರಂಕಿನಲ್ಲಿಯೂ ಒಂದು ಪ್ರತಿ ಇಡಿ.

ಮರುಪ್ರಶ್ನೆ: ಮುಳುಗಡೆ ಸೀಮೆಯವರು

ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸೋದರತ್ತೆಯವರೊಂದಿಗೆ ಮಾತು ಆರಂಭಿಸಿದ್ದೇವೆ. ಅಂಗಳದ ಚಿತ್ರದ ಮೂಲೆಯಲ್ಲಿ ಅರ್ಧ ಮಾತ್ರ ಕಾಣುವ ಹುಡುಗಿ ತಾವೇ ಎಂದೂ, ಕ್ಯಾಮೆರಾ ಕಂಡು ಹೆದರಿ ಕಂಬದ ಹಿಂದೆ ಸರಿದಿದ್ದೆನೆಂದೂ ಅವರು ಹೇಳಿದಾಗ ನಮಗೆಲ್ಲ ಆಶ್ಚರ್ಯವಾಯಿತು. ಈವರೆಗೆ ಅಲ್ಲಿ ಒಬ್ಬರಿದ್ದಾರೆ ಎಂಬುದನ್ನೇ ಯಾರೂ ಗಮನಿಸಿರಲಿಲ್ಲ.

ಇನ್ನೆರಡು ಸಂದೇಹಗಳಿವೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಂದ ಮಸುಕಾದ ಮುಖಗಳನ್ನು ಸ್ಪಷ್ಟಗೊಳಿಸಿ ಬಣ್ಣ ತುಂಬಿಸಬೇಕೆಂದು ಮನೆಯ ಹುಡುಗರು ಹಠ ಹಿಡಿದಿದ್ದಾರೆ. ಎರಡನೆಯದಾಗಿ, ಸೋದರತ್ತೆಗೂ ನೆನಪಿಲ್ಲದ ಚಿತ್ರಗಳ ಕಾಲವನ್ನು ಕಂಡುಹಿಡಿಯುವುದು ಹೇಗೆ?

ಉತ್ತರ 4: ಸ್ಟುಡಿಯೊ ವೃತ್ತಿಯವರು

ಮೊದಲನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ಆ ಆ್ಯಪ್‌ಗಳು ಮಸುಕಾದ ಮುಖದೊಳಗಿಂದ ಏನನ್ನೂ ಹೊರತೆಗೆಯುವುದಿಲ್ಲ. ತಾವು ಕಲಿತ ಅಸಂಖ್ಯಾತ ಬೇರೆ ಮುಖಗಳ ಆಧಾರದ ಮೇಲೆ ಇಲ್ಲಿ ಹೀಗಿರಬಹುದು ಎಂದು ಹೊಸದಾಗಿ ಬರೆಯುತ್ತವೆ. ಕಣ್ಣು ಹೊಳೆಯುತ್ತದೆ, ಚರ್ಮ ನುಣುಪಾಗುತ್ತದೆ, ಆದರೆ ಅದು ನಿಮ್ಮ ಮುತ್ತಜ್ಜಿಯ ಮುಖವಲ್ಲ. ಬಣ್ಣವೂ ಹಾಗೆಯೇ: ಕಪ್ಪು-ಬಿಳುಪಿನಲ್ಲಿ ಕಡುಗೆಂಪು ಸೀರೆಯೂ ಕಡುಹಸಿರು ಸೀರೆಯೂ ಒಂದೇ ಬೂದುಬಣ್ಣದಲ್ಲಿ ಬಂದಿರಬಹುದು, ಯಂತ್ರ ತನಗೆ ತೋಚಿದ್ದನ್ನು ತುಂಬುತ್ತದೆ. ಹುಡುಗರ ಆಸೆಯನ್ನು ಮುರಿಯಬೇಕಿಲ್ಲ. ಅಂತಹ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಚಿತ್ರದ ಅಂಚಿನಲ್ಲಿಯೇ "ಬಣ್ಣ ನಂತರ ಸೇರಿಸಿದ್ದು" ಎಂದು ಬರೆಯಿಸಿ. ಮೂಲ ಸ್ಕ್ಯಾನ್‌ಗಳ ಫೋಲ್ಡರಿಗೆ ಅವು ಬರಲೇಬಾರದು. ಕೆಂಪಾಗಿ ಮಾಸಿದ 1980ರ ದಶಕದ ಬಣ್ಣದ ಚಿತ್ರಗಳ ವಿಷಯ ಬೇರೆ. ಅಲ್ಲಿ ನೀಲಿ-ಹಸಿರು ವರ್ಣದ್ರವ್ಯ ಮಾಸಿದೆಯಷ್ಟೆ, ಪೂರ್ತಿ ಹೋಗಿಲ್ಲ. 48 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿದ್ದರೆ ಸಾಮಾನ್ಯ ತಂತ್ರಾಂಶದಿಂದಲೇ ಬಣ್ಣವನ್ನು ಬಹಳಷ್ಟು ಮರಳಿ ತರಬಹುದು, ಏಕೆಂದರೆ ಅಲ್ಲಿ ಇದ್ದದ್ದನ್ನೇ ಹೆಚ್ಚಿಸುತ್ತೇವೆ.

ಉತ್ತರ 5: ದಾಖಲೆ ಪಾಲಕಿ

ಕಂಬದ ಹಿಂದಿನ ಹುಡುಗಿಯ ವಿಷಯ ಓದಿ ಬಹಳ ಸಂತೋಷವಾಯಿತು. ಆ ಮಾತಿನ ಧ್ವನಿಮುದ್ರಣಕ್ಕೂ ಚಿತ್ರದ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಒಟ್ಟಿಗೆ ಇಡಿ.

ಕಾಲ ನಿರ್ಣಯಕ್ಕೆ ಚಿತ್ರದ ಹಿಂಬದಿಯಿಂದ ಆರಂಭಿಸಿ. ಸ್ಟುಡಿಯೊ ಮುದ್ರೆಯ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು, ಪಿನ್ ಕೋಡ್ ಜಾರಿಗೆ ಬಂದದ್ದೇ ಅಂದು. "ಮೈಸೂರು ರಾಜ್ಯ" ಎಂದಿದ್ದರೆ ಆ ಮುದ್ರೆ ಮಾಡಿಸಿದ್ದು 1973ರ ನವೆಂಬರ್ 1ಕ್ಕೂ ಮೊದಲು, ಆದರೆ ಸ್ಟುಡಿಯೊದವರು ಹಳೆಯ ಮುದ್ರೆಯನ್ನೇ ಇನ್ನಷ್ಟು ಕಾಲ ಬಳಸಿರಬಹುದು. ಮುಂಬದಿಯಲ್ಲಿ ವಾಹನವಿದ್ದು ಅದರ ಸಂಖ್ಯೆ "ಕೆಎ" ಎಂದು ಆರಂಭವಾದರೆ 1989ಕ್ಕಿಂತ ಹಿಂದಿನದಲ್ಲ. ನಿಮ್ಮ ಕುಟುಂಬಕ್ಕೆ ಇವೆಲ್ಲಕ್ಕಿಂತ ಗಟ್ಟಿಯಾದ ಗೆರೆಯೊಂದಿದೆ: ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡದ್ದು 1964ರಲ್ಲಿ. ಹಳೆಯ ಅಂಗಳದ ಕಲ್ಲು, ಕಂಬ, ತುಳಸಿ ಕಟ್ಟೆ ಯಾವ ಚಿತ್ರದಲ್ಲಿ ಕಂಡರೂ ಅದನ್ನು ಮುಳುಗಡೆಯ ಮುಂಚಿನದೆಂದು ಗುರುತಿಸಿ, ಅದರಲ್ಲಿರುವ ಮಕ್ಕಳ ವಯಸ್ಸಿನಿಂದ ಉಳಿದ ಚಿತ್ರಗಳ ಕಾಲವನ್ನೂ ಅಂದಾಜು ಮಾಡಬಹುದು. ಊಹೆಯನ್ನು ಊಹೆಯೆಂದೇ ಬರೆಯಿರಿ, "1950ರ ದಶಕದ ಕೊನೆ, ಅಂದಾಜು" ಎಂದಿರಲಿ.

ನಿಮ್ಮಂತೆ ಅದೇ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ನೆಂಟರು, ನೆರೆಹೊರೆಯವರು ಈಗ ಬೇರೆ ಬೇರೆ ಊರುಗಳಲ್ಲಿದ್ದರೆ ಅವರ ಆಲ್ಬಮ್‌ಗಳನ್ನೂ ವಿಚಾರಿಸಿ. ನಿಮ್ಮ ಮನೆಯ ಮದುವೆ, ಉಪನಯನದ ಚಿತ್ರಗಳ ಪ್ರತಿ ಅವರಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಸಿಗಬಹುದು. ಕುಟುಂಬದ ಚಿತ್ರಗಳನ್ನು ಅವುಗಳ ಕಥೆಯೊಂದಿಗೆ ಸಾರ್ವಜನಿಕವಾಗಿ ಸಂಗ್ರಹಿಸುವ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ 2010ರಿಂದ ಜಾಲತಾಣದಲ್ಲಿದೆ. ಮನೆಯವರೆಲ್ಲರ ಒಪ್ಪಿಗೆಯಿದ್ದರೆ ಅಂಗಳದ ಚಿತ್ರವನ್ನು ಅಲ್ಲಿಗೂ ಕೊಡಬಹುದು.

ಕೆಲಸದ ಸಮಯದ ಬಗ್ಗೆಯೂ ಒಂದು ಮಾತು. ಮಾತುಕತೆ ಮತ್ತು ಮೊಬೈಲ್ ಚಿತ್ರಗಳು ಈಗಲೇ ನಡೆಯಲಿ. ಹುಳಿ ವಾಸನೆಯ ಲಕೋಟೆಗಳ ಹೊರತು ಉಳಿದವನ್ನು ಆಲ್ಬಮ್‌ನಿಂದ ಬಿಡಿಸಿ ಸ್ಕ್ಯಾನ್ ಮಾಡುವುದನ್ನು ಮಳೆ ನಿಂತು ಗಾಳಿ ಒಣಗುವವರೆಗೆ, ಅಂದರೆ ದೀಪಾವಳಿ ಕಳೆಯುವವರೆಗೆ ಮುಂದೂಡಿ. ತೇವ ಹೀರಿದ ಚಿತ್ರವನ್ನು ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಅದೂ ಮುತ್ತಜ್ಜಿಯ ಪಟದಂತೆ ಅಂಟಿಕೊಳ್ಳಬಹುದು.